ಮಾಟುಂಗದ ಒಂದು ಹೋಟೆಲನ್ನು 3ಡಿಗೆ ಇಳಿಸಿದ್ದು: ಕನ್ನಡಿ, ಸ್ಟೀಲ್ ಲೋಟ ಮತ್ತೆ 21 ಟೈಲು

ಮಾಟುಂಗದಲ್ಲಿ ಕಿಂಗ್ಸ್ ಸರ್ಕಲ್‌ನಿಂದ ನಡ್ಕೊಂಡು ಹೋಗುವಷ್ಟು ದೂರದಲ್ಲಿ ನಮ್ಮ ಊರಿನ ಕಡೆಯವರದ್ದೇ ಒಂದು ಹೋಟೆಲ್ ಇತ್ತು. ಇತ್ತು ಅಂತ ಬರೀಲಿಕ್ಕೇ ಬೇಜಾರಾಗ್ತದೆ, ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗಿ ಈಗ ಅಲ್ಲಿ ತಗಡಿನ ಬೇಲಿ ನಿಂತಿದೆ. ಹೋಟೆಲಿನ ಹೆಸರು ಇಲ್ಲಿ ಬೇಡ. ಯಜಮಾನರನ್ನು ನಾನು ಸಣ್ಣವನಿದ್ದಾಗಿಂದ ಮಾಮ ಅಂತ ಕರೀತೇನೆ, ರಕ್ತ ಸಂಬಂಧ ಏನಿಲ್ಲ, ನನ್ನ ಅಪ್ಪ ಮುಂಬಯಿಗೆ ಬಂದ ಹೊಸತರಲ್ಲಿ ಎರಡು ಹೊತ್ತೂ ಅಲ್ಲಿಯೇ ಊಟ ಮಾಡ್ತಿದ್ದದ್ದು, ಹಾಗೆ ಬಂದ ಮಾಮ.

ಖಾಲಿ ಮಾಡ್ಲಿಕ್ಕೆ ಮೂರು ವಾರ ಇರುವಾಗ ಅವರ ಫೋನ್ ಬಂತು. "ನೀನು ಸಿನಿಮಾದವರಿಗೆ ಜಾಗಗಳನ್ನೆಲ್ಲ ಕಂಪ್ಯೂಟರಲ್ಲಿ ಮಾಡಿ ಕೊಡ್ತಿ ಅಲ್ವಾ, ನಮ್ಮ ಹೋಟೆಲೂ ಒಂದು ಮಾಡಿ ಇಡ್ಲಿಕ್ಕೆ ಆಗ್ತದಾ ಮಾರಾಯ?" ಅಂತ ಕೇಳಿದ್ರು. ನಾನು ಅಂಧೇರಿಯಲ್ಲಿ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಕೆಲಸ ಮಾಡೋದು, ಫೋಟೋಗಳಿಂದ 3ಡಿ ಜಾಗ ಕಟ್ಟೋದೇ ನನ್ನ ದಿನದ ಕೆಲಸ, ಹಾಗಾಗಿ ಹಿಂದೆಮುಂದೆ ನೋಡದೆ ಆಗ್ತದೆ ಮಾಮ ಅಂದುಬಿಟ್ಟೆ. ಯಾತಕ್ಕೆ ಬೇಕು ಅಂತ ಆಗ ಸರಿಯಾಗಿ ಕೇಳ್ಲಿಲ್ಲ. ಈ ಕೇಸಿನಲ್ಲಿ ಆದ ಮುಕ್ಕಾಲು ತಪ್ಪು ಅಲ್ಲಿಂದಲೇ ಶುರುವಾಗಿದ್ದು, ಅದಕ್ಕೇ ಇದನ್ನ ಇಷ್ಟು ವಿವರವಾಗಿ ಬರೀತಿದ್ದೇನೆ.

ಆಮೇಲೆ ಗೊತ್ತಾದ ಹಾಗೆ ಅವರಿಗೆ ಬೇಕಾದದ್ದು ಎರಡು. ಒಂದು, ಬ್ರಹ್ಮಾವರದ ಮನೆಯಲ್ಲಿರುವ ಅವರ ಅಪ್ಪನಿಗೆ, ಅಂದ್ರೆ ನಾವೆಲ್ಲ ಅಜ್ಜ ಅಂತ ಕರೆಯುವವರಿಗೆ, ಹೋಟೆಲಿನ ಒಳಗೆ ಇನ್ನೊಂದು ಸಲ ಓಡಾಡಿದ ಹಾಗೆ ತೋರಿಸ್ಬೇಕು. ಅಜ್ಜನಿಗೆ ಈಗ ರೈಲು ಹತ್ತಿ ಬರ್ಲಿಕ್ಕೆ ಆಗೋದಿಲ್ಲ. ಇನ್ನೊಂದು, ಗೋಡೆಯ ಉದ್ದಕ್ಕೂ ಇರುವ ತೇಗದ ಕಪಾಟು, ಅದರ ಕನ್ನಡಿಗಳು, ಗಲ್ಲಾ, ಇಷ್ಟನ್ನೂ ಬಿಚ್ಚಿ ಭಿವಂಡಿಯ ಗೋಡೌನಿಗೆ ಹಾಕಿ, ನಾಲ್ಕೈದು ವರ್ಷ ಬಿಟ್ಟು ಹೊಸ ಬಿಲ್ಡಿಂಗಿನಲ್ಲಿ ಸಿಗುವ ಜಾಗದಲ್ಲಿ ಮತ್ತೆ ಹಾಗೆಯೇ ಜೋಡಿಸ್ಬೇಕು. ಅದಕ್ಕೆ ಅಳತೆ ಬೇಕು. ಒಂದು ಕಣ್ಣಿನ ಕೆಲಸ, ಒಂದು ಟೇಪಿನ ಕೆಲಸ. ಎರಡಕ್ಕೂ ಒಂದೇ ಸ್ಕ್ಯಾನ್ ಸಾಕು ಅಂತ ನಾನು ಅಂದ್ಕೊಂಡಿದ್ದೆ.

ಹೋಟೆಲ್ ಅಂದ್ರೆ ಕಲ್ಲಲ್ಲ

ಹಂಪಿಯನ್ನು ಡಿಜಿಟಲ್ ಮಾಡುವ ದೊಡ್ಡ ಕೆಲಸ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ದುಡ್ಡಿನಲ್ಲಿ ನಡೆದದ್ದು ಹಲವರಿಗೆ ಗೊತ್ತಿರಬಹುದು, ಐಐಟಿಗಳ ಜೊತೆ ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಅದರಲ್ಲಿ ಇದ್ರು. ಅದನ್ನು ನೋಡಿಯೇ ನನ್ನಂಥವರಿಗೆ ಈ ಕೆಲಸದ ಹುಚ್ಚು ಹತ್ತಿದ್ದು. ಆದ್ರೆ ಹಂಪಿಯ ಕಲ್ಲು ಒರಟು, ಹೊಳಪಿಲ್ಲ, ಪ್ರತಿ ಅಂಗುಲವೂ ಬೇರೆಬೇರೆ ಕಾಣ್ತದೆ, ಯಾವ ಕಡೆಯಿಂದ ನೋಡಿದ್ರೂ ಬಣ್ಣ ಹೆಚ್ಚುಕಮ್ಮಿ ಅದೇ. ಫೋಟೋದಿಂದ 3ಡಿ ಮಾಡ್ಲಿಕ್ಕೆ ಅದಕ್ಕಿಂತ ಒಳ್ಳೆ ವಸ್ತು ಇಲ್ಲ. ಉಡುಪಿ ಹೋಟೆಲ್ ಅದರ ಪೂರಾ ಉಲ್ಟಾ. ಮಾರ್ಬಲ್ ಹಾಕಿದ ಒಂದೇ ಥರದ 12 ಟೇಬಲ್, ಒಂದೇ ಥರದ ಕುರ್ಚಿ, ಬಿಳಿ ಡಿಸ್ಟೆಂಪರ್ ಗೋಡೆ, ಕಪಾಟಿನ ತುಂಬ ಕನ್ನಡಿ, ಬನ್ಸ್ ಇಡುವ ಗಾಜಿನ ಶೋಕೇಸು, ಗಾಜು ಹಾಕಿದ ಕೃಷ್ಣನ ಫೋಟೋ, ಮೇಲಿಂದ ಎಲ್ಲಿ ನೋಡಿದ್ರೂ ಸ್ಟೀಲು, ಲೋಟ, ಜಗ್ಗು, ಸಾಂಬಾರಿನ ಬಕೆಟ್ಟು, ಡಿಕಾಕ್ಷನ್ ಪಾತ್ರೆ. ಒಂದೋ ಹೊಳೀತದೆ, ಇಲ್ಲಾಂದ್ರೆ ಒಂದರ ಹಾಗೆ ಇನ್ನೊಂದು ಉಂಟು, ಇಲ್ಲಾಂದ್ರೆ ಏನೂ ಗುರುತಿಲ್ಲದ ಬಿಳಿ.

ದೇವಸ್ಥಾನ, ಕೋಟೆ ಎಲ್ಲ ದಾಖಲಾಗ್ತಾ ಇದೆ, ಆಗ್ಬೇಕಾದ್ದೇ. ಆದ್ರೆ ಜನ ಸಾವಿರ ಸಲ ಕೂತು ಎದ್ದ ಇಂಥ ಜಾಗಗಳು ಅದಕ್ಕಿಂತ ಬೇಗ ಹೋಗ್ತಾ ಇವೆ, ಮತ್ತೆ ಇವನ್ನು ಹಿಡಿಯೋದು ಕಲ್ಲಿಗಿಂತ ಕಷ್ಟ. ಇದು ನನಗೆ ನಿಜವಾಗಿಯೂ ಕಾಡುವ ವಿಷಯ.

ಕೆಲಸ ಹೇಗೆ ನಡೀತದೆ ಅಂತ ಸ್ವಲ್ಪ ಹೇಳ್ತೇನೆ, ಇಲ್ಲಾಂದ್ರೆ ಮುಂದಿನದ್ದು ಅರ್ಥ ಆಗೋದಿಲ್ಲ. ಒಂದೇ ಜಾಗವನ್ನು ನೂರಾರು ಕಡೆಯಿಂದ ಫೋಟೋ ತೆಗೀಬೇಕು. ಮೊದಲ ಹಂತದಲ್ಲಿ ಪ್ರೋಗ್ರಾಂ ಪ್ರತಿ ಫೋಟೋದಲ್ಲಿ ಗುರುತು ಸಿಗುವ ಚುಕ್ಕಿಗಳನ್ನು ಹುಡುಕ್ತದೆ, ಕೆನಡಾದ ಡೇವಿಡ್ ಲೋ 1999ರಲ್ಲಿ ತಂದ ಸಿಫ್ಟ್ ಅನ್ನುವ ವಿಧಾನ ಇವತ್ತಿಗೂ ಇಲ್ಲಿ ನಡೀತಿದೆ, ಆಮೇಲೆ ಈ ಫೋಟೋದ ಚುಕ್ಕಿ ಆ ಫೋಟೋದಲ್ಲಿ ಎಲ್ಲಿದೆ ಅಂತ ಜೋಡಿಸಿ, ಅದರಿಂದ ಕ್ಯಾಮೆರಾ ಪ್ರತಿ ಸಲ ಎಲ್ಲಿ ನಿಂತಿತ್ತು, ಚುಕ್ಕಿಗಳು ಜಾಗದಲ್ಲಿ ಎಲ್ಲಿವೆ, ಎರಡನ್ನೂ ಒಟ್ಟಿಗೆ ಲೆಕ್ಕ ಹಾಕ್ತದೆ. ಈ ಹಂತಕ್ಕೆ ನಾನು ಬಳಸಿದ್ದು ಕೋಲ್‌ಮ್ಯಾಪ್ ಅನ್ನುವ ಪ್ರೋಗ್ರಾಂ. ಎರಡನೇ ಹಂತಕ್ಕೆ ಗಾಸಿಯನ್ ಸ್ಪ್ಲಾಟಿಂಗ್, ಫ್ರಾನ್ಸಿನ ಇನ್ರಿಯಾ ಸಂಸ್ಥೆ ಮತ್ತೆ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್‌ನವರು 2023ರಲ್ಲಿ ಸಿಗ್ರಾಫ್ ಅನ್ನುವ ಗ್ರಾಫಿಕ್ಸ್ ಸಮ್ಮೇಳನದಲ್ಲಿ ತಂದದ್ದು. ರಂಗೋಲಿ ಪುಡಿಯ ಚಿಟಿಕೆ ಗಾಳಿಯಲ್ಲಿ ಹಾಗೇ ನಿಂತ್ರೆ ಹೇಗಿರ್ತದೆ ಯೋಚಿಸಿ, ಅಂಚು ಮಸುಕು, ಒಂದು ಉದ್ದಕ್ಕೆ ಒಂದು ಚಪ್ಪಟೆ, ಅರೆ ಪಾರದರ್ಶಕ. ಅಂಥ ಲಕ್ಷಾಂತರ ಚಿಟಿಕೆಗಳನ್ನು ಜಾಗದಲ್ಲಿ ಹರಡಿ, ಒಂದು ಫೋಟೋ ಎಲ್ಲಿಂದ ತೆಗೆದದ್ದೋ ಅಲ್ಲಿಂದ ಇದನ್ನು ನೋಡಿ, ಎಷ್ಟು ವ್ಯತ್ಯಾಸ ಇದೆ ಅಂತ ತೂಗಿ, ಚಿಟಿಕೆಗಳ ಜಾಗ, ಗಾತ್ರ, ಬಣ್ಣ ಸ್ವಲ್ಪ ಸ್ವಲ್ಪ ತಿದ್ದುತ್ತಾ ಸಾಮಾನ್ಯವಾಗಿ 30,000 ಸುತ್ತು ಹೋಗ್ತದೆ. ಬೇಕಾದ ಕಡೆ ಒಂದು ಚಿಟಿಕೆ ಎರಡಾಗ್ತದೆ, ಬೇಡದ್ದು ಬಿದ್ದು ಹೋಗ್ತದೆ. ಫಲಿತಾಂಶ ಅಷ್ಟು ಚೆಂದ ಬರ್ತದೆ, ಮೊದಲ ಸಲ ನೋಡಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡ್ಲಿಲ್ಲ.

ಮೊದಲ ರಾತ್ರಿ

ಹೋಟೆಲ್ ಬಾಗಿಲು ಹಾಕಿ ಹುಡುಗರು ನೆಲ ಒರೆಸುವಾಗ ರಾತ್ರಿ ಹತ್ತೂವರೆ ದಾಟಿತ್ತು. ಫ್ಯಾನ್ ಎಲ್ಲ ಬಂದ್, ಇಲ್ಲಾಂದ್ರೆ ರೆಕ್ಕೆ ಮಸುಕಾಗೋದು ಬಿಡಿ, ಗೋಡೆಯ ಕ್ಯಾಲೆಂಡರ್ ಹಾರಾಡ್ತದೆ, ಒಂದು ಫೋಟೋದಲ್ಲಿ ಇದ್ದ ಕಡೆ ಇನ್ನೊಂದರಲ್ಲಿ ಇರೋದಿಲ್ಲ. ಹಳೇ ಚೋಕಿನ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗ್ತದೆ, ಶಟರ್ ಅದಕ್ಕೆ ಹೊಂದದಿದ್ರೆ ಒಂದು ಫೋಟೋ ಕಪ್ಪು, ಒಂದು ಬೆಳ್ಳಗೆ, ಕೆಲವಕ್ಕೆ ಪಟ್ಟೆ. ಅದಕ್ಕೇ ಶಟರನ್ನು ಸೆಕೆಂಡಿನ 50ನೇ ಒಂದು ಪಾಲಿಗೆ ಕಟ್ಟಿ ಹಾಕಿ, ಎಕ್ಸ್‌ಪೋಶರು, ವೈಟ್ ಬ್ಯಾಲೆನ್ಸು ಎಲ್ಲ ಲಾಕ್ ಮಾಡಿ, ಟ್ರೈಪಾಡ್ ಇಟ್ಟು ಒಂದೊಂದೇ ಹೆಜ್ಜೆ ಸರಿಯುತ್ತಾ ತೆಗೆದೆ. ಟ್ರೈಪಾಡಿಗೆ ದಾರಿ ಸಾಲದ ಕಡೆ ಒಂದೆರಡು ಟೇಬಲ್ ಆಚೀಚೆ ಸರಿಸಿದೆ. ಬೆಳಗಿನ ಜಾವ ಮೂರು ಗಂಟೆಗೆ ಮಾಮ ಅವರೇ ಕಾಫಿ ಮಾಡಿ ಕೊಟ್ರು. 840 ಫೋಟೋ.

ಮಾರನೇ ದಿನ ಕೋಲ್‌ಮ್ಯಾಪ್ ಓಡಿಸಿದ್ರೆ 12 ಟೇಬಲಿನ ಹೋಟೆಲು 9 ಟೇಬಲಿನದ್ದಾಗಿತ್ತು. 840ರಲ್ಲಿ 612 ಫೋಟೋ ಮಾತ್ರ ಕೂತಿತ್ತು. ಕಾರಣ ನೋಡಿದ್ರೆ ಸರಳ, ಮೂರನೇ ಟೇಬಲೂ ಏಳನೇ ಟೇಬಲೂ ಪ್ರೋಗ್ರಾಂ ಕಣ್ಣಿಗೆ ಒಂದೇ. ಅದೇ ಕುರ್ಚಿಯ ಬಾಗು, ಅದೇ ಸಕ್ಕರೆ ಡಬ್ಬ. ಹಿಂದಿನ ಗೋಡೆ ಬಿಳಿ, ಅಲ್ಲಿ ಹಿಡ್ಕೊಳ್ಳಿಕ್ಕೆ ಚುಕ್ಕಿ ಇಲ್ಲ. ಹಾಗಾಗಿ ಎರಡು ಟೇಬಲನ್ನು ಒಂದರ ಮೇಲೊಂದು ಮಡಚಿ ಇಟ್ಟುಬಿಟ್ಟಿತ್ತು, ಹೋಟೆಲಿನ ಅಷ್ಟು ಉದ್ದವೇ ಮಾಯ.

ಕಪಾಟಿನ ಗೋಡೆ ಮಾತ್ರ ಚೆನ್ನಾಗಿ ಬಂದಿತ್ತು. ಆ ಭಾಗದ 230 ಫೋಟೋ ತಗೊಂಡು ಸ್ಪ್ಲಾಟ್ ಮಾಡಿದೆ. ಗುಣಮಟ್ಟ ನೋಡ್ಲಿಕ್ಕೆ ಈ ಕ್ಷೇತ್ರದಲ್ಲಿ ಒಂದು ಪದ್ಧತಿ ಉಂಟು: ಎಂಟಕ್ಕೊಂದು ಫೋಟೋ ಬಚ್ಚಿಟ್ಟು, ಉಳಿದವುಗಳಿಂದ ಕಲಿಸಿ, ಬಚ್ಚಿಟ್ಟ ಫೋಟೋದ ಜಾಗದಿಂದ ನೋಡಿದ್ರೆ ಎಷ್ಟು ಹೋಲ್ತದೆ ಅಂತ ಅಂಕ ಹಾಕೋದು. ಆ ಅಂಕವನ್ನು ಡೆಸಿಬಲ್‌ನಲ್ಲಿ ಹೇಳ್ತಾರೆ, ಹೆಚ್ಚಿದ್ದಷ್ಟೂ ಒಳ್ಳೇದು. ನನಗೆ 28 ಡೆಸಿಬಲ್ ಹತ್ರ ಬಂತು. ಒಳಾಂಗಣಕ್ಕೆ ಒಳ್ಳೆ ಅಂಕವೇ. ಖುಷಿಯಾಗಿ ಆ ಫೈಲಿಂದಲೇ ಕಪಾಟಿನ ಅಳತೆ ತೆಗೆದು ಮಾಮನಿಗೆ ಕಳಿಸಿಬಿಟ್ಟೆ.

ಆಚಾರ್ರ ಫೋನ್

ಕಪಾಟು ಬಿಚ್ಚುವ ಕೆಲಸ ವಹಿಸ್ಕೊಂಡವರು ಕಾರ್ಕಳ ಕಡೆಯ ಒಬ್ಬರು ಆಚಾರ್ರು, ಮುಂಬಯಿಯಲ್ಲಿ ಮೂವತ್ತು ವರ್ಷದಿಂದ ಹೋಟೆಲ್ ಮರದ ಕೆಲಸವೇ ಮಾಡ್ಕೊಂಡಿದ್ದವರು. ಅವರು ಫೋನ್ ಮಾಡಿ ಹೇಳಿದ್ದು, "ನೀವು ಬರೆದದ್ದು 14 ಅಡಿ, ನನ್ನ ಟೇಪಿನಲ್ಲಿ 13 ಅಡಿ 9 ಇಂಚು 3 ಸೂತ್. ಮತ್ತೆ ಕಪಾಟಿನ ಆಳ ಹತ್ತು ಅಡಿ ಅಂತ ಬರೆದಿದ್ದೀರಿ, ಅದು ಪಕ್ಕದ ಅಂಗಡಿ ಒಳಗೆ ಹೋಗ್ತದಲ್ಲ ಸಾರ್." ಸೂತ್ ಅಂದ್ರೆ ಇಂಚಿನ ಎಂಟನೇ ಒಂದು ಪಾಲು, ಇಲ್ಲಿನ ಮರದ ಕೆಲಸದವರೆಲ್ಲ ಹಾಗೇ ಅಳೆಯೋದು. ಅವರು ಬೈಯಲಿಲ್ಲ, ಮರ ಕುಯ್ಯುವ ಮೊದಲು ಯಾವಾಗಲೂ ಒಮ್ಮೆ ತಾವೇ ಅಳೀತಾರಂತೆ, ಅಷ್ಟೇ.

ಉದ್ದದ ತಪ್ಪು ಪೂರ್ತಿ ನನ್ನದು. ಫೋಟೋದಿಂದ ಮಾಡಿದ 3ಡಿಗೆ ಆಕಾರ ಇರ್ತದೆ, ಗಾತ್ರ ಇರೋದಿಲ್ಲ, ದೊಡ್ಡ ಹೋಟೆಲನ್ನು ದೂರದಿಂದ ತೆಗೆದ್ರೂ ಗೊಂಬೆ ಹೋಟೆಲನ್ನು ಹತ್ತಿರದಿಂದ ತೆಗೆದ್ರೂ ಫೋಟೋ ಒಂದೇ. ಹೊರಗಿಂದ ಒಂದು ಗೊತ್ತಿರುವ ಉದ್ದ ಕೊಡ್ಬೇಕು. ನಾನು ನೆಲದ ಟೈಲನ್ನು 8 ಇಂಚು ಅಂತ ಹಿಡಿದೆ, ಹಳೇ ಬಿಲ್ಡಿಂಗ್ ಅಲ್ವಾ, ಇಂಚಿನದ್ದೇ ಇರ್ತದೆ ಅಂತ. ಕಪಾಟಿನ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯಾಗಿ 21 ಟೈಲು. 21 ಗುಣಿಸು 8, 168 ಇಂಚು, ಅಂದ್ರೆ ಒಂದು ಕೂದಲೂ ಹೆಚ್ಚಿಲ್ಲದೆ 14 ಅಡಿ. ಅಷ್ಟು ದುಂಡಗಿನ ಸಂಖ್ಯೆ ಬಂದ ಕೂಡ್ಲೇ ನನಗೆ ಅನುಮಾನವೇ ಹೋಯ್ತು, ಹಳೇ ಕಾಲದವರು 14 ಅಡಿ ಅಂತ ಹೇಳಿಯೇ ಮಾಡಿಸಿರ್ತಾರೆ ಅಂದ್ಕೊಂಡೆ. ಮಾಮನ ಹತ್ರ ಕೇಳಿದ್ರೆ, ನೆಲ ಎಂಬತ್ತರ ದಶಕದಲ್ಲಿ ಬದಲಿಸಿದ್ದಂತೆ. ಮೆಟ್ರಿಕ್ ಅಳತೆಯ ಕಾಯ್ದೆ 1956ರದ್ದು, ಆಮೇಲೆ ಹಾಕಿದ ಟೈಲು 20 ಸೆಂಟಿಮೀಟರಿನದ್ದು. ಒಂದು ಟೈಲಿಗೆ ಮೂರು ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ, 21 ಟೈಲಿಗೆ 67 ಮಿಲಿಮೀಟರ್. ಆಚಾರ್ರ ಲೆಕ್ಕದಲ್ಲಿ 2 ಇಂಚು 5 ಸೂತ್.

ಆಳದ ತಪ್ಪು ಕನ್ನಡಿಯದ್ದು, ಮತ್ತೆ ಅದು ನನಗೆ ಹೆಚ್ಚು ಕಲಿಸಿದ ತಪ್ಪು. ಕಪಾಟಿನ ಹಿಂಬದಿ ಪೂರ್ತಿ ಕನ್ನಡಿ. ಶಾಲೆಯಲ್ಲಿ ಓದಿದ್ದು ನೆನಪುಂಟಲ್ಲ, ವಸ್ತು ಕನ್ನಡಿಯಿಂದ ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದೆ. ನಾವು ಆಚೀಚೆ ಸರಿದ್ರೂ ಚಪ್ಪಟೆ ಕನ್ನಡಿಯ ಒಳಗಿನ ಬಿಂಬ ಇದ್ದಲ್ಲೇ ಇರ್ತದೆ. ಹಾಗಾಗಿ ಪ್ರೋಗ್ರಾಮಿಗೆ ಅದು ಬಿಂಬ ಅಂತ ಗೊತ್ತಾಗುವ ದಾರಿಯೇ ಇಲ್ಲ, ಗೋಡೆಗೆ ಕಿಟಕಿ ಇದ್ದು ಆಚೆ ಇನ್ನೊಂದು ಹೋಟೆಲ್ ಇದ್ದ ಹಾಗೆ. ಅದು ನಿಯತ್ತಾಗಿ ಆ ಎರಡನೇ ಹೋಟೆಲನ್ನೂ ಕಟ್ಟಿತ್ತು, ಟೇಬಲ್ ಸಮೇತ, ಎದುರು ಗೋಡೆಯ ಬೋರ್ಡಿನ ಕನ್ನಡ ಅಕ್ಷರ ಎಲ್ಲ ಉಲ್ಟಾ. ನಾನು ಟ್ರೈಪಾಡ್ ಹಿಡ್ಕೊಂಡು ಪ್ರತಿ ಫೋಟೋಗೂ ಒಂದೊಂದು ಕಡೆ ನಿಂತದ್ದು ಕನ್ನಡಿಯಲ್ಲಿ ಬಿದ್ದು ಅಲ್ಲಿ ಕಪ್ಪು ಮಂಜಿನ ಹಾಗೆ ತೇಲ್ತಿತ್ತು. ಎದುರಿಂದ ನೋಡಿದ್ರೆ ಕನ್ನಡಿ ಕನ್ನಡಿಯ ಹಾಗೇ ಕಾಣ್ತದೆ, ಅದಕ್ಕೇ ಒಳ್ಳೆ ಅಂಕ. ಆಳ ಕೇಳಿದ್ರೆ ಮಾತ್ರ ಆ ಹೋಟೆಲಿನ ಟೇಬಲ್ ತನಕ ಅಳೆದು ಹತ್ತು ಅಡಿ ಅಂತದೆ.

ಇಲ್ಲಿ ನಿಂತು ಯೋಚಿಸಿದಾಗ ನನಗೆ ವಿಷಯ ಹೊಳೆಯಿತು. ಈ ಸ್ಪ್ಲಾಟಿಂಗ್ ಸಂಶೋಧನೆಯ ಗುರಿ ಹೊಸ ಕೋನದಿಂದ ಫೋಟೋ ಹೇಗೆ ಕಾಣ್ತದೆ ಅಂತ ಹೇಳೋದು, ಅಂಕವೂ ಅದಕ್ಕೇ. ನನ್ನ 28 ಡೆಸಿಬಲ್ ಆ ಪ್ರಶ್ನೆಗೆ ನಿಜವಾದ ಉತ್ತರವೇ. ಆಚಾರ್ರ ಪ್ರಶ್ನೆ ಬೇರೆ, ಮರ ಎಲ್ಲಿ ಮುಗೀತದೆ ಅನ್ನೋದು. ಸ್ಪ್ಲಾಟಿನಲ್ಲಿ ಮರದ ಮೇಲ್ಮೈ ಅಂತ ಒಂದು ಇಲ್ಲವೇ ಇಲ್ಲ, ಇರೋದು ಅದರ ಆಸುಪಾಸಿನಲ್ಲಿ ನಿಂತ ಪುಡಿ. 2024ರಲ್ಲಿ ಬಂದ 2ಡಿ ಗಾಸಿಯನ್ ಥರದ ಕೆಲಸಗಳು ಚಿಟಿಕೆಯನ್ನು ಚಪ್ಪಟೆ ಬಿಲ್ಲೆ ಮಾಡಿ ಮೇಲ್ಮೈಗೆ ಅಂಟಿಸ್ಲಿಕ್ಕೆ ನೋಡ್ತವೆ, ಅದನ್ನೂ ಓಡಿಸಿ ನೋಡಿದೆ, ಮರಕ್ಕೆ ಚೆನ್ನಾಗಿ ಆಯ್ತು, ಕನ್ನಡಿಗೆ ಮತ್ತೆ ಅದೇ ಎರಡನೇ ಹೋಟೆಲ್.

ಲೋಟ ಕಪ್ಪಾದ ರಾತ್ರಿ

ಎರಡನೇ ರಾತ್ರಿ ಹೊಳಪನ್ನೇ ತೆಗೆದುಬಿಡೋಣ ಅಂತ ಹೋದೆ. ಲೈಟಿಗೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸರ್, ಎರಡನ್ನೂ ಒಂದಕ್ಕೊಂದು ಅಡ್ಡ ತಿರುಗಿಸಿದ್ರೆ ಮೇಲ್ಮೈಯಿಂದ ನೇರ ಚಿಮ್ಮಿ ಬರುವ ಬೆಳಕು ಲೆನ್ಸಿನಲ್ಲಿ ತಡೀತದೆ, ವಸ್ತುವಿನ ಒಳಗೆ ಹೊಕ್ಕು ಚದುರಿ ಬಂದ ಬೆಳಕು ಮಾತ್ರ ದಾಟ್ತದೆ. ಮಾರ್ಬಲ್ ಟೇಬಲಿಗೆ ಇದು ಅದ್ಭುತ. ಹೊಳಪು ಹೋಗಿ ಕಲ್ಲಿನ ಗೆರೆ ಗೆರೆ ಎದ್ದು ಬಂತು. ಕೃಷ್ಣನ ಫೋಟೋದ ಗಾಜು ಇದೆಯೋ ಇಲ್ಲವೋ ಅನ್ನುವ ಹಾಗಾಯ್ತು.

ಸ್ಟೀಲ್ ಲೋಟ ಮಾತ್ರ ಇದ್ದಿಲಿನ ಹಾಗೆ ಕಪ್ಪು. ಮಾಮ ಕ್ಯಾಮೆರಾ ಹಿಂದಿನ ಸ್ಕ್ರೀನ್ ನೋಡಿ, "ಇದೆಂತ, ನಮ್ಮ ಲೋಟ ಇಷ್ಟು ಕೊಳೆಯಾ?" ಅಂತ ಗಾಬರಿ ಆದ್ರು. ಲೋಹದ ಒಳಗೆ ಬೆಳಕು ಹೊಕ್ಕು ಚದುರಿ ಬರೋದೇ ಇಲ್ಲ, ಬರೋದೆಲ್ಲ ಮೇಲ್ಮೈಯ ಪ್ರತಿಫಲನ, ಅದನ್ನು ತಡೆದ ಮೇಲೆ ಉಳಿಯೋದು ಏನೂ ಇಲ್ಲ. ಇದು ನನಗೆ ಪುಸ್ತಕದಲ್ಲಿ ಗೊತ್ತಿದ್ದ ವಿಷಯ. ಕೈಯಲ್ಲಿ ಲೋಟ ಹಿಡ್ಕೊಂಡು ನೋಡಿದ ಮೇಲೆ ಅರ್ಥ ಆದದ್ದು ಬೇರೆ: ಸ್ಟೀಲಿಗೆ ತನ್ನದು ಅಂತ ಬಣ್ಣವೇ ಇಲ್ಲ, ಸುತ್ತಲಿನ ಹೋಟೆಲೇ ಅದರ ಬಣ್ಣ. ಮತ್ತೆ ಚಪ್ಪಟೆ ಕನ್ನಡಿಯ ಹಾಗೆ ಇಲ್ಲಿ ಬಿಂಬ ಒಂದು ಕಡೆ ನಿಲ್ಲೋದಿಲ್ಲ, ಉರುಟು ಮೈ ಮೇಲೆ ನಾವು ಸರಿದ ಹಾಗೆ ಅದೂ ಜಾರ್ತದೆ, ಚುಕ್ಕಿ ಜೋಡಿಸುವ ಪ್ರೋಗ್ರಾಂಗೆ ಅದು ಸುಳ್ಳು ಸಾಕ್ಷಿ.

ಇದಕ್ಕೆ ಉತ್ತರ ಹಳೆಯದ್ದೇ ಉಂಟು. ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ 1975ರಲ್ಲಿ ಮನೆಯ ಟೀಪಾಟ್ ಒಂದನ್ನು ಲೆಕ್ಕದಲ್ಲಿ ಬರೆದದ್ದು, ಗ್ರಾಫಿಕ್ಸ್ ಕಲಿತವರೆಲ್ಲ ಅದನ್ನು ನೋಡಿರ್ತಾರೆ. ಮುಂದಿನ ವರ್ಷವೇ, 1976ರಲ್ಲಿ, ಜಿಮ್ ಬ್ಲಿನ್ ಮತ್ತೆ ನ್ಯೂವೆಲ್ ಸೇರಿ ಸುತ್ತಲಿನ ಕೋಣೆಯ ಚಿತ್ರವನ್ನೇ ಆ ಟೀಪಾಟಿನ ಮೈ ಮೇಲೆ ಪ್ರತಿಫಲಿಸಿ ತೋರಿಸಿದ್ರು. ಟೀಪಾಟಿಗೆ ಆದದ್ದು ನಮ್ಮ ಲೋಟಕ್ಕೂ ಆಗ್ತದೆ. ಲೋಟ, ಜಗ್ಗು, ಬಕೆಟ್ಟು ಎಲ್ಲವೂ ಉರುಟು, ಒಂದು ಗೆರೆಯನ್ನು ಸುತ್ತ ತಿರುಗಿಸಿದ್ರೆ ಆಕಾರ ಸಿಗ್ತದೆ. ವರ್ನಿಯರ್ ಹಿಡಿದು ಬಾಯಿ, ಬುಡ, ಎತ್ತರ, ಅಂಚಿನ ಮಡಿಕೆ ಅಳೆದು ಬ್ಲೆಂಡರ್ ಅನ್ನುವ 3ಡಿ ಪ್ರೋಗ್ರಾಮಿನಲ್ಲಿ ಕೈಯಾರೆ ಮಾಡಿದೆ. ಐದು ಪಾತ್ರೆಗೆ ಒಂದು ಸಂಜೆ ಸಾಕಾಯ್ತು, ಸ್ಕ್ಯಾನ್ ಮಾಡ್ಲಿಕ್ಕೆ ಹೊರಟು ಕಳೆದದ್ದು ಒಂದಿಡೀ ರಾತ್ರಿ.

ಪೇಪರ್ ಹಾಸಿದ್ದು

ಮೂರನೇ ರಾತ್ರಿಯೇ ಕೊನೆ ಅವಕಾಶ. ಈ ಸಲ ಎರಡು ಸೆಟ್ ಅಂತ ಮೊದಲೇ ನಿರ್ಧಾರ ಮಾಡಿದ್ದೆ, ಟೇಪಿಗೆ ಒಂದು, ಕಣ್ಣಿಗೆ ಒಂದು. ಟೇಪಿನ ಸೆಟ್ಟಿಗೆ ಸ್ಟೀಲ್ ಎಲ್ಲ ಒಳಗೆ ಇಡಿಸಿದೆ. ಕನ್ನಡಿ ಮುಚ್ಚಲಿಕ್ಕೆ ಬಟ್ಟೆ ಹುಡುಕ್ತಿದ್ದಾಗ ಹೋಟೆಲಿನ ಹುಡುಗ ಒಬ್ಬ ಹಳೇ ಉದಯವಾಣಿಯ ಕಟ್ಟು ತಂದು ಇಟ್ಟ. ಅದನ್ನು ನೋಡಿದ ಕೂಡ್ಲೇ ಎಲ್ಲಾ ಒಟ್ಟಿಗೆ ಹೊಳೆಯಿತು. ಕನ್ನಡಿಗೆ ಪೇಪರ್ ಅಂಟಿಸಿದ್ರೆ ಎರಡನೇ ಹೋಟೆಲ್ ಮಾಯ, ಕಪಾಟಿನ ಹಿಂಬದಿ ನಿಜವಾಗಿ ಎಲ್ಲಿದೆಯೋ ಅಲ್ಲಿಯೇ ಮೇಲ್ಮೈ ಸಿಗ್ತದೆ. ಟೇಬಲಿಗೊಂದು ಬೇರೆ ಬೇರೆ ಪುಟ ಹಾಸಿದ್ರೆ ಮೂರನೇ ಟೇಬಲ್ ಏಳನೇ ಟೇಬಲ್ ಆಗೋದಿಲ್ಲ. ಬಿಳಿ ಗೋಡೆಗೆ ನಾಲ್ಕು ಹಾಳೆ ಹಚ್ಚಿದ್ರೆ ಅಲ್ಲೂ ಹಿಡ್ಕೊಳ್ಳಿಕ್ಕೆ ಚುಕ್ಕಿ. ಸಿಫ್ಟಿಗೆ ಕನ್ನಡ ಅಕ್ಷರದಷ್ಟು ಒಳ್ಳೆ ಊಟ ಇಲ್ಲ, ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ ಒಂದೊಂದು ಸಾಲೂ ಬೇರೆ. ಒಂದೇ ಪುಟದ ಎರಡು ಪ್ರತಿ ಎಲ್ಲೂ ಬರಬಾರದು, ಅದೊಂದು ಜಾಗ್ರತೆ. ಮಾಮ, ನಾನು, ಇಬ್ಬರು ಹುಡುಗರು, ಒಂದು ಗಂಟೆಯಲ್ಲಿ ಇಡೀ ಹೋಟೆಲಿಗೆ ಪೇಪರ್ ಹಚ್ಚಿದೆವು.

ಅಳತೆಗೆ ಟೈಲಿನ ಸಹವಾಸ ಬಿಟ್ಟೆ. ಲೇಸರ್ ಮೀಟರಿನಲ್ಲಿ ಆರು ಉದ್ದ ಅಳೆದು, ಮೂರನ್ನು ಗಾತ್ರ ಕೂರಿಸ್ಲಿಕ್ಕೆ ಕೊಟ್ಟು, ಮೂರನ್ನು ಬಚ್ಚಿಟ್ಟೆ. ಬಚ್ಚಿಟ್ಟದ್ದು ಪರೀಕ್ಷೆಗೆ. ಕೊನೆಗೆ ಅತಿ ಹೆಚ್ಚು ತಪ್ಪು ಬಂದದ್ದು 4 ಮಿಲಿಮೀಟರ್. ಕಪಾಟು ಆಚಾರ್ರ ಟೇಪಿಗೆ ಒಂದು ಸೂತಿನೊಳಗೆ ಕೂತಿತು.

ಆಮೇಲೆ ಪೇಪರ್ ಎಲ್ಲ ಕಿತ್ತು, ಲೋಟ ಜಗ್ಗು ವಾಪಸ್ ಇಟ್ಟು, ದಿನವೂ ಹೇಗಿರ್ತದೋ ಹಾಗೆ ಇನ್ನೊಂದು ಸೆಟ್. ಒಟ್ಟು 1,210 ಫೋಟೋ, 520 ಪೇಪರಿನದ್ದು, 690 ಪೇಪರ್ ಇಲ್ಲದ್ದು. ಎರಡನ್ನೂ ಕೋಲ್‌ಮ್ಯಾಪಿಗೆ ಒಟ್ಟಿಗೆ ಕೊಟ್ಟೆ. ಬಾಗಿಲ ಚೌಕಟ್ಟು, ಬೋರ್ಡು, ಮರದ ಕೆತ್ತನೆ ಎರಡರಲ್ಲೂ ಒಂದೇ, ಹಾಗಾಗಿ ಪೇಪರಿನ ಸೆಟ್ಟು ಅಸ್ಥಿಪಂಜರದ ಹಾಗೆ ಗಟ್ಟಿಯಾಗಿ ನಿಂತು ಇನ್ನೊಂದನ್ನು ಹಿಡ್ಕೊಂಡಿತು. ಏಳು ಫೋಟೋ ಬಿಟ್ಟು ಎಲ್ಲವೂ ಕೂತಿತು, 12 ಟೇಬಲೂ ಬಂತು. ಮುಖ್ಯ ಏನಂದ್ರೆ ಎರಡಕ್ಕೂ ಈಗ ಒಂದೇ ಅಳತೆಯ ಜಾಗ, ಸ್ಪ್ಲಾಟಿನಲ್ಲಿ ಕಾಣುವ ಮೊಳೆಗೆ ಇನ್ನೊಂದು ಫೈಲಿನಲ್ಲಿ ಮಿಲಿಮೀಟರ್ ಸಿಗ್ತದೆ.

ಪೇಪರಿನ ಸೆಟ್ಟಿನಿಂದ ಮೇಲ್ಮೈ ಇರುವ ಮಾಡೆಲ್ ತೆಗೆದು ಆಚಾರ್ರಿಗೆ ಮುಂದಿನಿಂದ, ಬದಿಯಿಂದ, ಮೇಲಿನಿಂದ ಡ್ರಾಯಿಂಗ್ ಮಾಡಿ ಪ್ರಿಂಟ್ ಕೊಟ್ಟೆ, ಅವರಿಗೆ 3ಡಿ ಬೇಕಿರಲಿಲ್ಲ. ಎರಡನೇ ಸೆಟ್ಟಿಗೆ ಸ್ಪ್ಲಾಟು, ಅದರಲ್ಲಿ ಕನ್ನಡಿಯೊಳಗೆ ಬಿದ್ದ ನನ್ನ ಬಿಂಬವನ್ನು ಫೋಟೋ ಫೋಟೋದಲ್ಲಿ ಮಾಸ್ಕ್ ಹಾಕಿ, ಅಂದ್ರೆ ಅಷ್ಟು ಭಾಗ ಲೆಕ್ಕಕ್ಕೆ ಬಾರದ ಹಾಗೆ ಮುಚ್ಚಿ, ತೆಗೆದೆ. ಇನ್ರಿಯಾದ ಮೂಲ ಕೋಡು ಸಂಶೋಧನೆಗೆ ಮಾತ್ರ, ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ನಾಳೆ ಹೊಸ ಹೋಟೆಲಿನ ಇಂಟೀರಿಯರ್ ಕೆಲಸಕ್ಕೂ ಇದು ಹೋಗ್ತದೆ, ಅದಕ್ಕೇ ವ್ಯಾಪಾರಕ್ಕೂ ಬಳಸಲಿಕ್ಕೆ ಬಿಡುವ ಅಪಾಚೆ ಲೈಸೆನ್ಸಿನ ಜಿಸ್ಪ್ಲಾಟ್ ಅನ್ನುವ ಕೋಡು ಬಳಸಿದೆ. ಇಂಥ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ನೋಡ್ಕೊಳ್ಳಿ. ಕೊನೆಗೆ 28 ಲಕ್ಷ ಚಿಟಿಕೆ. ಒಂದೊಂದಕ್ಕೂ ಜಾಗ, ಗಾತ್ರ, ತಿರುವು, ಪಾರದರ್ಶಕತೆ, ಬಣ್ಣ ಅಂತ 59 ಸಂಖ್ಯೆ, ಅದರಲ್ಲಿ 48 ಬರೀ ಬಣ್ಣಕ್ಕೆ, ನೋಡುವ ಕೋನ ಬದಲಾದ ಹಾಗೆ ಬಣ್ಣ ಬದಲಾಗ್ಬೇಕಲ್ಲ. ಫೈಲು ಸುಮಾರು 660 ಎಂಬಿ. ಮಾಮನ ಫೋನಿಗೆ ಕುಗ್ಗಿಸಿ ಕೊಟ್ಟೆ. ಅಜ್ಜನ ಟಿವಿಗೆ ಮಾತ್ರ ಸೀದಾ ವಿಡಿಯೋ, ಬಾಗಿಲಿಂದ ಒಳಗೆ ಬಂದು, ನಡೆಯುವ ವೇಗದಲ್ಲಿ ಒಂದು ಸುತ್ತು. ವಯಸ್ಸಾದವರ ಕೈಗೆ ಮೌಸ್ ಕೊಟ್ಟು ನೀವೇ ತಿರುಗಿಸಿ ಅನ್ನೋದು ಸರಿಯಲ್ಲ.

ಅಜ್ಜ ಹೇಳಿದ್ದು

ವಿಡಿಯೋ ಮೂರು ಸಲ ಹಾಕಿಸ್ಕೊಂಡು ನೋಡಿದ್ರಂತೆ. ಆಮೇಲೆ ನನಗೇ ಫೋನ್. "ಎಲ್ಲ ಸರಿ ಉಂಟು ಮಗಾ. ಆದ್ರೆ ಆ ಕೊನೇ ಟೇಬಲ್ ಅಲ್ಲಲ್ಲ ಇದ್ದದ್ದು, ಕಂಬಕ್ಕೆ ತಾಗಿ ಇದ್ದದ್ದು. ಅಲ್ಲಿ ಕೂತವನಿಗೆ ಬಾಗಿಲಿಗೆ ಬೆನ್ನು. ಆದ್ರೂ ಕನ್ನಡಿಯಲ್ಲಿ ಬಾಗಿಲು ಕಾಣ್ತದೆ, ಯಾರು ಬಂದ್ರು ಹೋದ್ರು ಎಲ್ಲ ಗೊತ್ತಾಗ್ತದೆ. ನಾನು ಊಟಕ್ಕೆ ಕೂರ್ತಿದ್ದದ್ದು ಅಲ್ಲಿಯೇ, ಗಲ್ಲಾದಲ್ಲಿ ಹುಡುಗನನ್ನು ಬಿಟ್ಟು."

ಮೊದಲ ರಾತ್ರಿ ಟ್ರೈಪಾಡಿಗೆ ಅಂತ ಸರಿಸಿದ್ದು ನಾನೇ. ವಾಪಸ್ ಇಡಲಿಲ್ಲ. ಆಮೇಲಿನ ಎರಡು ರಾತ್ರಿಯೂ ಅದು ಹಾಗೇ ಉಳೀತು, ಯಾರೂ ಗಮನಿಸ್ಲಿಲ್ಲ, ಅಜ್ಜ ಆರು ನೂರು ಕಿಲೋಮೀಟರಿಗಿಂತ ಆಚೆ ಕೂತು ಟಿವಿಯಲ್ಲಿ ಕಂಡುಹಿಡಿದ್ರು.

ಸ್ಪ್ಲಾಟಿನಲ್ಲಿ ಟೇಬಲ್ ಸರಿಸೋದು ಸುಲಭದ ಕೆಲಸ ಅಲ್ಲ. ಅದರ ಚಿಟಿಕೆಗಳನ್ನು ಹಿಡಿದು ಒಂದೂವರೆ ಅಡಿ ಎಳೆದ್ರೆ ಟೇಬಲ್ ಬರ್ತದೆ, ನೆರಳು ಅಲ್ಲೇ ನೆಲದಲ್ಲಿ ಉಳೀತದೆ, ಯಾಕಂದ್ರೆ ಬೆಳಕು ಬೇರೆ ವಸ್ತು ಬೇರೆ ಅಂತ ಅದಕ್ಕೆ ಗೊತ್ತಿಲ್ಲ, ಕಂಡ ಬಣ್ಣವೇ ಎಲ್ಲಾ. ಪಕ್ಕದ ಟೈಲುಗಳ ಚಿಟಿಕೆ ಕಾಪಿ ಮಾಡಿ ಹಳೇ ನೆರಳು ಮುಚ್ಚಿ, ಹೊಸ ಜಾಗಕ್ಕೆ ಇನ್ನೊಂದು ಟೇಬಲಿನ ನೆರಳು ತಂದು ಹಾಕಿದೆ. ಟೇಬಲ್ ಕಂಬಕ್ಕೆ ತಾಗಿತು.

ಆಮೇಲೆ ಕ್ಯಾಮೆರಾವನ್ನು ಆ ಕುರ್ಚಿಯಲ್ಲಿ ಇಟ್ಟೆ. ಕೂತವರ ಕಣ್ಣಿನ ಎತ್ತರ, ನೆಲದಿಂದ 1.1 ಮೀಟರ್. ಬಾಗಿಲಿಗೆ ಬೆನ್ನು, ಮುಖ ಕಪಾಟಿನ ಕಡೆ. ಕನ್ನಡಿಯ ಒಳಗೆ ಆ ಎರಡನೇ ಹೋಟೆಲಿನಲ್ಲಿ, ಉಲ್ಟಾ ಅಕ್ಷರದ ಬೋರ್ಡಿನ ಪಕ್ಕದಲ್ಲಿ, ಬಾಗಿಲು ಪೂರ್ತಿ ಕಂಡಿತು. ಅದರಾಚೆ ರಸ್ತೆ ದೀಪದ ಹಳದಿ ಸ್ವಲ್ಪ. ಟೇಬಲ್ ಮೊದಲಿದ್ದ ಕಡೆ ಕ್ಯಾಮೆರಾ ಇಟ್ಟು ನೋಡಿದ್ರೆ ಕಪಾಟಿನ ನಡುಗಂಬ ಅಡ್ಡ ಬಂದು ಬಾಗಿಲು ಕಾಣೋದಿಲ್ಲ.

ಆ ಚಿತ್ರವನ್ನು ಮಾಮನಿಗೂ ಆಚಾರ್ರಿಗೂ ಕಳಿಸಿದೆ. ಹೊಸ ಜಾಗದ ಪ್ಲ್ಯಾನಿನಲ್ಲಿ ಬಾಗಿಲು ಬೇರೆ ಕಡೆ ಬರ್ತದೆ, ಕಪಾಟನ್ನು ಎಲ್ಲಿ ನಿಲ್ಲಿಸಿದ್ರೆ ಆ ಮೂಲೆಯ ಕುರ್ಚಿಯಿಂದ ಕನ್ನಡಿಯಲ್ಲಿ ಬಾಗಿಲು ಕಾಣ್ತದೆ ಅಂತ ನನ್ನ ಹತ್ರ ಕೇಳಿದ್ರು. ಬಾಗಿಲಿನ ಬಿಂಬ ಕನ್ನಡಿಯ ಹಿಂದೆ ಎಲ್ಲಿ ಬೀಳ್ತದೆ ಅಂತ ಗುರುತಿಸಿ, ಕುರ್ಚಿಯಿಂದ ಅಲ್ಲಿಗೆ ಗೆರೆ ಎಳೆದು, ಆ ಗೆರೆ ನಡುಗಂಬಕ್ಕೆ ತಾಗದ ಹಾಗೆ ಕಪಾಟನ್ನು ಸರಿಸಿ, ಡ್ರಾಯಿಂಗ್ ಕೊಟ್ಟೆ. ಆಚಾರ್ರು ಅದನ್ನು ಕಪಾಟಿನ ಹಲಗೆಗಳ ಕಟ್ಟಿನ ಜೊತೆಗೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭಿವಂಡಿಗೆ ಕಳಿಸಿದ್ದಾರೆ.